ನಿಮಿಷಕ್ಕೆ ನೂರ ಹತ್ತು

ಕೊಟ್ಟೂರು
18-3-2002, ಸೋಮವಾರ ಸಂಜೆ

ಪ್ರೀತಿಯ ಅಪ್ಪಾ,

ಶರಣು. ಹೇಗಿದ್ದೀಯ? ರಾಯಪುರದ ಬಿಸಿಲು ನಮ್ಮ ಕೂಡ್ಲಿಗಿ ಬಿಸಿಲನ್ನೂ ಮೀರಿಸುತ್ತದೆ ಅಂತ ನೀನು ಬರೆದಿದ್ದೆ. ನೆರಳಿದೆ ಅಂತ ಬೋರ್‌ವೆಲ್ ಲಾರಿಯ ಕೆಳಗೆ ಮಲಗಬೇಡ, ಆ ದೂಳಿಗೆ ಮತ್ತೆ ಕೆಮ್ಮು ಶುರುವಾದೀತು. ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಸಾಲದು.

ಇವತ್ತು ಬಯಾಲಜಿ ಪರೀಕ್ಷೆ ಮುಗಿಯಿತು. ಕಾರ್ಡಿಯಾಕ್ ಔಟ್‌ಪುಟ್ ಲೆಕ್ಕ ಬಂದೇ ಬರುತ್ತದೆ ಅಂತ ಗುರುಸಂಗಪ್ಪ ಮೇಷ್ಟ್ರು ಹೇಳಿದ್ದರು, ಬಂತು. ಹೃದಯ ಒಂದು ಸಲ ಹಿಂಡಿದರೆ ಎಷ್ಟು ರಕ್ತ ಹೊರಗೆ ಹೋಗುತ್ತದೋ ಅದನ್ನು ನಿಮಿಷದ ಬಡಿತದಿಂದ ಗುಣಿಸುವುದು, ಅಷ್ಟೇ. ಸರಿಯಿರುವ ಹೃದಯ ಬಡಿತಕ್ಕೆ ಎಪ್ಪತ್ತು ಮಿಲಿ ಕಳಿಸುತ್ತದೆ, ನಿಮಿಷಕ್ಕೆ ಎಪ್ಪತ್ತೆರಡು ಸಲ ಬಡಿಯುತ್ತದೆ. ಐದು ಲೀಟರ್ ಆಯಿತು. ಪೇಪರಿನಲ್ಲಿ ಅದನ್ನೇ ತಿರುಗಿಸಿ ಕೇಳಿದ್ದರು. ರೋಗಿಯೊಬ್ಬಳ ಬಡಿತ ನೂರ ಹತ್ತು, ನಿಮಿಷಕ್ಕೆ ಹೋಗುವ ರಕ್ತ ನಾಲ್ಕು ಲೀಟರ್ ನಾನೂರು ಮಿಲಿ, ಹಾಗಾದರೆ ಒಂದು ಬಡಿತಕ್ಕೆ ಎಷ್ಟು? ಭಾಗಿಸಿದೆ. ನಲವತ್ತು. ಕೆಳಗೆ ಗೆರೆ ಎಳೆದವಳಿಗೆ ಪೆನ್ನು ಮುಂದೆ ಹೋಗಲಿಲ್ಲ. ಹೋದ ವಾರ ಓದುವಾಗ ಅವ್ವನ ಕೈ ಹಿಡಿದು ನಾಡಿ ಎಣಿಸಿದ್ದೆ. ಅವಳದೂ ನೂರ ಹತ್ತರ ಹತ್ತಿರವೇ ಇತ್ತು. ನಾನೇ ತಪ್ಪು ಎಣಿಸಿದೆ ಅಂದುಕೊಂಡು ಬಿಟ್ಟಿದ್ದೆ.

ಉಳಿದದ್ದನ್ನು ಹೇಗೋ ಬರೆದು ಬಂದರೆ, ಅವ್ವ ನಲ್ಲಿಯ ದಾರಿಯಲ್ಲಿ ಕೊಡ ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಕುಳಿತಿದ್ದಳು. ಕೊಡದಲ್ಲಿ ಅರ್ಧವೇ ನೀರು, ಆದರೂ ಏದುಸಿರು. ಪಾದ ಊದಿದ್ದವು, ಬೆರಳಲ್ಲಿ ಒತ್ತಿದರೆ ಕುಳಿ ಹಾಗೇ ಉಳಿಯಿತು. ಪಕ್ಕದ ಮನೆಯ ಜಂಬಮ್ಮತ್ತೆಯನ್ನು ಬಿಡದೆ ಕೇಳಿದೆ. ಸಂಕ್ರಾಂತಿ ಮುಗಿದ ವಾರವೇ ಇಬ್ಬರೂ ಕೂಡ್ಲಿಗಿಗೆ ಹೋಗಿ ತೋರಿಸಿದ್ದರಂತೆ. ಹೃದಯದ ಕವಾಟ ಕೆಟ್ಟಿದೆ, ತಡಮಾಡದೆ ದಾವಣಗೆರೆಗೆ ಹೋಗಿ ಎಂದಿದ್ದರಂತೆ ಡಾಕ್ಟರು. ಅವ್ವ ನನಗೆ ಹೇಳಿದ್ದು ರಕ್ತ ಕಡಿಮೆ, ಟಾನಿಕ್ ಕೊಟ್ಟಿದ್ದಾರೆ ಅಂತ.

ರೊಟ್ಟಿ ಬಡಿಯುತ್ತಿದ್ದವಳ ಎದುರು ಕುಳಿತು ಕೇಳಿದೆ. ಅವ್ವ ಸಿಟ್ಟಾಗಲಿಲ್ಲ. “ನಿನ್ನ ಪರೀಕ್ಷಿ ಮುಗೀಲಿ, ಆಮ್ಯಾಲೆ ಹೋದ್ರಾತು. ನಿಮ್ಮಪ್ಪಗ ಬರೀಬ್ಯಾಡ. ಮಷಿನ್ ಮುಂದ ನಿಂತು ಕೆಲಸ ಮಾಡಾವ, ಮನಸು ಕೆಡ್ತೈತಿ” ಅಂದಳು. ನಾನು ಆ ನಲವತ್ತರ ಲೆಕ್ಕ ಬಿಡಿಸಿ ಹೇಳಿದೆ. ಹಿಟ್ಟಿನ ಕೈ ನಿಲ್ಲಿಸಿ, “ಸರಿಯಾಗಿ ಬರ್ದ್ಯಾ?” ಅಂತ ಕೇಳಿದಳು. ಹೂಂ ಅಂದೆ. “ಸಾಕು ಬಿಡು” ಅಂದಳು. ನನಗೆ ಅಳುವುದಕ್ಕೂ ತ್ರಾಣ ಇರಲಿಲ್ಲ ಅಪ್ಪಾ. ಅವಳನ್ನು ಎಬ್ಬಿಸಿ ಉಳಿದ ರೊಟ್ಟಿ ನಾನೇ ಬಡಿದೆ. ಒಂದೂ ದುಂಡಗೆ ಬರಲಿಲ್ಲ.

ಬುಧವಾರ ಕೆಮಿಸ್ಟ್ರಿ. ಪುಸ್ತಕ ತೆರೆದರೆ ಕಣ್ಣು ಮುಚ್ಚಿಕೊಳ್ಳುತ್ತವೆ. ಲಾರಿಯ ಹಂಪೇಶಣ್ಣನನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು
ಅಮೃತಾ

ತಾ.ಕ.: ಬುಧವಾರ, ಹರಪನಹಳ್ಳಿ ಬಸ್ ಸ್ಟ್ಯಾಂಡು. ನಿನ್ನೆ ರಾತ್ರಿ ಅವ್ವನಿಗೆ ಮಲಗಲು ಆಗಲಿಲ್ಲ, ಕುಳಿತೇ ಬೆಳಗು ಮಾಡಿದಳು. ದಾವಣಗೆರೆಗೆ ಕರೆದುಕೊಂಡು ಹೊರಟಿದ್ದೇನೆ, ಜಂಬಮ್ಮತ್ತೆಯೂ ಇದ್ದಾಳೆ. ನಿಮ್ಮ ಆಫೀಸಿಗೆ ಫೋನ್ ಮಾಡಿದೆ, ಲಾರಿಯವರೆಲ್ಲ ಒಳಗಿನ ಹಳ್ಳಿಗಳ ಕಡೆ ಹೋಗಿದ್ದೀರಂತೆ. ಇದು ಕೈಸೇರಿದ ಕೂಡಲೇ ಹೊರಟು ಬಾ. ಕೆಮಿಸ್ಟ್ರಿ ಪೇಪರ್ ಈ ಹೊತ್ತಿಗೆ ಕೊಟ್ಟಿರುತ್ತಾರೆ. ಪರೀಕ್ಷೆ ಮುಂದೆ ಹಾಕಿದ್ದಾರೆ ಅಂತ ಅವ್ವನಿಗೆ ಹೇಳಿದ್ದೇನೆ. ಅವಳು ಕೇಳಿದರೆ ನೀನೂ ಹಾಗೇ ಹೇಳು.