ಇನ್ನೊಂದು ಸೌಟು

ಡುಲುತ್, ಜಾರ್ಜಿಯಾ
೬ ಏಪ್ರಿಲ್ ೨೦೨೪, ಶನಿವಾರ

ಪ್ರೀತಿಯ ಜಯಾ,

ಬೈಯಬೇಡ ಕಣೇ. ನಿನ್ನ ಪ್ರಶ್ನೆ ಬಂದು ಐದು ವಾರವಾಯಿತು, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ವಾಟ್ಸಾಪಿನಲ್ಲಿ ಟೈಪ್ ಮಾಡಿದೆ, ಅಳಿಸಿದೆ. ನೀನು ಕಳಿಸುವ ಗುಡ್ ಮಾರ್ನಿಂಗ್ ಹೂವುಗಳಿಗೆ ಒಂದು ಹೂವು ತಿರುಗಿಸಿ ಕಳಿಸಿ ತಪ್ಪಿಸಿಕೊಂಡೆ. ಇವತ್ತು ಪೆನ್ನು ಹಿಡಿದಿದ್ದೇನೆ. ಈ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ, ಕನ್ನಡಕ ಹುಡುಕಿಕೊಂಡು ಓದು. ನೀನು, ನಿನ್ನ ಮಗಳು ಚೈತನ್ಯಾ, ನಿನ್ನ ಮೆಸ್ಸು, ಅಲ್ಲಿ ಊಟಕ್ಕೆ ಬರುವ ಹಾಸ್ಟೆಲ್ ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ಬರೆಯುತ್ತಿರುವುದು ಕಾರಿನಲ್ಲಿ ಕೂತು. ನಮ್ಮ ಲುಬ್ನಾಳ ಕಾರು ಕೆಟ್ಟಿದೆ. ನನ್ನ ಶಾಲೆಗೆ ವಸಂತದ ರಜೆ, ಸೋಮವಾರ ಮತ್ತೆ ಶುರು. ಹಾಗಾಗಿ ಈ ವಾರವೆಲ್ಲ ಅವಳಿಗೆ ನಾನೇ ಡ್ರೈವರು. ಅವಳು ಕೆಲಸ ಮಾಡುವ ಗಿಡದಂಗಡಿಯ ಮುಂದೆ ನಾಲ್ಕು ಗಂಟೆಯಾಗುವುದನ್ನೇ ಕಾಯುತ್ತಿದ್ದೇನೆ. ಇಲ್ಲೀಗ ಪೈನ್ ಮರಗಳು ಪರಾಗ ಉದುರಿಸುವ ಕಾಲ. ಕಾರಿನ ಗಾಜು, ರಸ್ತೆ, ಅಂಗಡಿಯ ಮಾಡು ಎಲ್ಲ ಹಳದಿ. ಊರಿಗೇ ಅರಿಶಿನದ ಶಾಸ್ತ್ರ ಮಾಡಿಸಿದ ಹಾಗಿದೆ. ನನಗೆ ರೋಜಾ ಬೇರೆ. ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಹಸಿದ ಹೊಟ್ಟೆ, ಬಿಸಿಲು, ಹಳದಿ ಗಾಳಿ. ಯಾವಾಗ ಕಣ್ಣು ಮುಚ್ಚಿತೋ ಗೊತ್ತಾಗಲಿಲ್ಲ.

ಕನಸಿನಲ್ಲಿ ನಾವಿಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದೇ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ನೀನು ತುಳಿಯುತ್ತಿದ್ದೆ, ನಾನು ಹಿಂದೆ ಕೂತು ಕೆಮಿಸ್ಟ್ರಿ ನೋಟ್ಸ್ ಓದಿ ಹೇಳುತ್ತಿದ್ದೆ. ಕೆರೆಯಲ್ಲಿ ನೀರಿನ ಬದಲು ಇದೇ ಹಳದಿ ಪುಡಿ. ಒಂದು ಕೊಕ್ಕರೆ ಅದರ ಮೇಲೆ ನಡೆದುಕೊಂಡು ಹೋಗುತ್ತಿತ್ತು, ಮುಳುಗಲಿಲ್ಲ. ನೀನು ತಿರುಗಿ, "ಫಖ್ರು, ಇಳೀತೀಯಾ?" ಅಂದೆ. ನಾನು "ಇನ್ನೂ ಸ್ವಲ್ಪ ದೂರ" ಅಂದೆ. ಎಷ್ಟು ಹಗುರವಾಗಿದ್ದೆವು ಗೊತ್ತೇನೇ! ಎಚ್ಚರವಾದಾಗ ಅಳು ಬಂತು.

ಎಬ್ಬಿಸಿದ್ದು ಲುಬ್ನಾ, ಗಾಜು ತಟ್ಟಿ. ಬ್ರೇಕಿನಲ್ಲಿ ಬಂದಿದ್ದಳು, ಏಪ್ರನ್ ತುಂಬ ಮಣ್ಣು. "ಅಮ್ಮಿ, ಯು ಓಕೆ? ಯಾಕೆ ಅಳ್ತೀಯ?" ಅಂದಳು. ಮನೆಯಲ್ಲಿ ನಮ್ಮದು ಉರ್ದು, ಆದರೆ ಫೋನಿನಲ್ಲಿ ನಿನ್ನ ಜೊತೆ ಹರಟಿ ಕಲಿತ ಕನ್ನಡ ಅವಳಿಗೆ ಬಲು ಇಷ್ಟ. ನನ್ನ ಮನಸ್ಸು ಹಿಡಿಯಬೇಕಾದಾಗ ಅದನ್ನೇ ಆಡುತ್ತಾಳೆ, ಕಳ್ಳಿ.

ಅವಳ ಪರಿಸರ ವಿಜ್ಞಾನದ ಡಿಗ್ರಿ ಮುಗಿದು ಎರಡು ವರ್ಷವಾಯಿತು. ಒಳ್ಳೆಯ ಮಾರ್ಕ್ಸು, ಒಳ್ಳೆಯ ಯೂನಿವರ್ಸಿಟಿ. ಅವಳ ಅಬ್ಬಾ ವಜೀರ್ ಆ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ, ಬಾಗಿಲು ತೆಗೆದರೆ ಎದುರಿಗೇ ಕಾಣುವಂತೆ ತೂಗುಹಾಕಿದ್ದಾರೆ. ಅದರ ಕೆಳಗೆ ಕೂತು ದಿನಾ "ಅಪ್ಲೈ ಮಾಡಿದ್ಯಾ ಬೇಟಾ?" ಎಂದು ಕೇಳುತ್ತಾರೆ. ಅಪ್ಲೈ ಮಾಡಿ ಮಾಡಿ ಆ ಮಗುವಿನ ಬೆರಳು ಸವೆದಿದೆ. ಅನುಭವ ಇಲ್ಲ ಅಂತಾರೆ, ಇಲ್ಲವೇ ಇನ್ನೂ ಎರಡು ವರ್ಷ ಓದು ಅಂತಾರೆ. ಕೊನೆಗೆ ಸಿಕ್ಕ ಒಂದು ಲ್ಯಾಬಿನ ಕೆಲಸ ಈ ಗಿಡದಂಗಡಿಗಿಂತ ಕಡಿಮೆ ಕೊಡುತ್ತಿತ್ತು. ಈಗ ಗಂಟೆ ಲೆಕ್ಕದಲ್ಲಿ ಗಿಡಗಳಿಗೆ ನೀರು ಹಾಕುತ್ತಾಳೆ. ಅವಳ ಸೂಪರ್‌ವೈಸರ್ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ, ಸಂಬಳ ಲುಬ್ನಾಳಿಗಿಂತ ಜಾಸ್ತಿ. ಲುಬ್ನಾಳ ಅರ್ಧ ಸಂಬಳ ಓದಿನ ಸಾಲಕ್ಕೇ ಹೋಗುತ್ತದೆ. ಮಸೀದಿಯಲ್ಲಿ ಯಾರಾದರೂ ಕೇಳಿದರೆ ವಜೀರ್ ಗಂಟಲು ಸರಿಮಾಡಿಕೊಂಡು, "ಪ್ಲಾಂಟ್ಸ್ ಮೇಲೆ ವರ್ಕ್ ಮಾಡ್ತಾಳೆ" ಅಂತಾರೆ. ಕೇಳಿದವರು ದೊಡ್ಡ ಸಂಶೋಧನೆ ಇರಬೇಕೆಂದು ತಲೆಯಾಡಿಸುತ್ತಾರೆ.

ನಿನಗೆ ಏನು ಬರೆಯಬೇಕೆಂದು ತಿಳಿಯದೆ ಅವಳನ್ನೇ ಕೇಳಿದೆ. "ಆ ಓದು ಬೇಡವಾಗಿತ್ತು ಅನ್ಸತ್ತಾ?"

ಅವಳು ಸ್ವಲ್ಪ ಹೊತ್ತು ಕಾರಿನ ಮೇಲಿನ ಪರಾಗದಲ್ಲಿ ಬೆರಳಾಡಿಸಿದಳು. "ಓದಿದ್ದು ಇಷ್ಟ ಆಯ್ತು ಅಮ್ಮಿ. ಎವ್ರಿ ಸಿಂಗಲ್ ಡೇ. ಈ ಪೋಲನ್ ಯಾವ ಟ್ರೀದು ಅಂತ ನಂಗೊತ್ತು, ಅದು ನಂಗೆ ಖುಷಿ. ಬಟ್ ಡಿಗ್ರಿ ಬಂದ್ರೆ ಜಾಬ್ ಬರತ್ತೆ ಅಂತ ಪ್ರಾಮಿಸ್ ಮಾಡಿದ್ರಲ್ಲ ನೀವಿಬ್ರೂ? ಅಬ್ಬಾಗೆ ಗೊತ್ತಿರ್ಲಿಲ್ಲ, ಓಕೆ. ನಿಂಗೆ ಗೊತ್ತಿತ್ತು, ಅಲ್ವಾ?"

ಅವಳು ಬಗ್ಗಿ ನನ್ನ ಹಣೆಗೆ ಮುತ್ತಿಟ್ಟು ಒಳಗೆ ಹೋದಳು.

ಜಯಾ, ನೀನು ಬರೆದದ್ದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಚೈತನ್ಯಾಗೆ ಅಟ್ಲಾಂಟಾದಲ್ಲಿ ಟೀಚಿಂಗ್ ಓದಲು ಸೀಟು ಸಿಕ್ಕಿದೆ. ಬೋಗಾದಿಯ ಸೈಟು ಮಾರಿದರೆ ಮಾತ್ರ ಕಳಿಸಲು ಸಾಧ್ಯ. ಕೊಳ್ಳುವವರು ಹದಿನೈದನೇ ತಾರೀಖಿನವರೆಗೆ ಕಾಯುತ್ತಾರೆ. "ನೀನು ಹೂಂ ಅಂದ್ರೆ ಮಾರ್ತೀನಿ, ಉಹೂಂ ಅಂದ್ರೆ ಬಿಡ್ತೀನಿ. ನೀನು ಓದಿದವಳು" ಎಂದಿದ್ದೀಯ. ಚೈತನ್ಯಾ ನನ್ನ ಆ ಹಳೇ ಫೋಟೋ, ಶಾಲೆಯ ಬೋರ್ಡಿನ ಮುಂದೆ ನಿಂತದ್ದು, ಮೇಜಿನ ಮೇಲೆ ಇಟ್ಟುಕೊಂಡು "ಫಖ್ರು ಆಂಟಿ ಥರ ಅಲ್ಲಿ ಟೀಚರ್ ಆಗ್ತೀನಿ" ಅನ್ನುತ್ತಾಳೆ ಎಂದೂ ಬರೆದಿದ್ದೀಯ.

ಉಹೂಂ, ಜಯಾ. ಮಾರಬೇಡ.

ಓದು ಬೇಡ ಅನ್ನುತ್ತಿಲ್ಲ. ಮೈಸೂರಿನಲ್ಲೇ ಓದಲಿ, ಬೇಕಾದಷ್ಟು ಓದಲಿ, ಯಾವುದಾದರೂ ಸ್ಕಾಲರ್‌ಶಿಪ್ ಕರೆದರೆ ರೆಕ್ಕೆ ಕಟ್ಟಿಕೊಂಡು ಬರಲಿ, ನನ್ನ ಮನೆಯಲ್ಲೇ ಇರಲಿ. ಆದರೆ ನಿನ್ನ ಇಪ್ಪತ್ತೈದು ವರ್ಷದ ಅನ್ನ ಸಾರಿನಿಂದ ಬಂದ ಆ ನೆಲವನ್ನು ಒಂದು ಫ್ರೇಮಿಗಾಗಿ ಕೊಡಬೇಡ. ಅವಳು ಅಳುತ್ತಾಳೆ, ನಿನ್ನ ಮೇಲೆ ಮುನಿಸಿಕೊಳ್ಳುತ್ತಾಳೆ. ನನ್ನ ಮೇಲೆ ಹಾಕಿಬಿಡು, ಬೈದುಕೊಳ್ಳಲಿ.

ಚೈತನ್ಯಾಗೆ ನನ್ನ ಆಶೀರ್ವಾದ. ಅಲ್ಲಾಹ್ ಅವಳ ದಾರಿಯಲ್ಲಿ ಬೆಳಕಿಡಲಿ, ನಿನ್ನ ಮೊಣಕಾಲಿಗೆ ಬಲ ಕೊಡಲಿ. ಹಬ್ಬದ ದಿನ ವಿಡಿಯೋ ಕಾಲ್ ಮಾಡುತ್ತೇನೆ, ನೀನು ಎತ್ತುವ ಹಾಗಿದ್ದರೆ.

ನಿನ್ನ
ಫಖ್ರುನ್ನೀಸಾ

ತಾ.ಕ.: ಹಾಳೆ ಮಡಿಸಿಟ್ಟು ಮತ್ತೆ ತೆಗೆದಿದ್ದೇನೆ. ರೋಜಾದಲ್ಲಿ ಸುಳ್ಳು ಹೇಳಬಾರದು, ಮುಚ್ಚಿಡುವುದೂ ಸುಳ್ಳೇ. ಮೇಲೆ "ನನ್ನ ಶಾಲೆ" ಎಂದು ಬರೆದು ದಾಟಿಹೋದೆ ನೋಡು, ಅಲ್ಲಿ ನಾನು ಟೀಚರ್ ಅಲ್ಲ ಜಯಾ. ಯಾವತ್ತೂ ಆಗಿರಲಿಲ್ಲ. ನನ್ನ ಎಂಎಸ್ಸಿ ಇಲ್ಲಿ ಯಾರಿಗೂ ಬೇಕಾಗಲಿಲ್ಲ. ಹನ್ನೊಂದು ವರ್ಷದಿಂದ ಆ ಶಾಲೆಯ ಅಡುಗೆಮನೆಯಲ್ಲಿದ್ದೇನೆ, ತಲೆಗೆ ಬಲೆ ಕಟ್ಟಿಕೊಂಡು ಮಕ್ಕಳಿಗೆ ಬಡಿಸುತ್ತೇನೆ. ಆ ಫೋಟೋ ತೆಗೆದ ದಿನ ತರಗತಿ ಖಾಲಿ ಇತ್ತು. ನಾನು ಟ್ರೇಗಳನ್ನು ತರಲು ಹೋಗಿದ್ದೆ. ಏಪ್ರನ್ ಬಿಚ್ಚಿ ಕುರ್ಚಿಯ ಹಿಂದೆ ಹಾಕಿ ನಿಂತೆ. ಬೋರ್ಡಿನ ಮೇಲಿನ ಅಕ್ಷರ ನನ್ನದಲ್ಲ. ಲುಬ್ನಾಗೆ ಇದೆಲ್ಲ ಗೊತ್ತು. ಚೈತನ್ಯಾಗೂ ಹೇಳು, ಈ ಹಾಳೆಯನ್ನೇ ಓದಿಸು.

ನಿನಗೆ ಯಾಕೆ ಹೇಳಲಿಲ್ಲ ಗೊತ್ತಾ? ನಿಮ್ಮಮ್ಮ ಹಾಸಿಗೆ ಹಿಡಿದಾಗ ನೀನು ಎಂಎಸ್ಸಿ ಬಿಟ್ಟು ಮೆಸ್ಸಿಗೆ ನಿಂತೆ. ಅವತ್ತು ನಿನ್ನ ಪಂಕ್ತಿಯಲ್ಲೇ ಕೂತು, "ಅನ್ನ ಬಡಿಸೋಕೆ ಯಾರಾದ್ರೂ ಸಾಕು ಕಣೇ, ನೀನ್ಯಾಕೆ?" ಅಂದಿದ್ದೆ. ನೀನು ನನಗೆ ಇನ್ನೊಂದು ಸೌಟು ಸಾರು ಹಾಕಿದೆ. ಇಲ್ಲಿ ಒಬ್ಬರಿಗೆ ಒಂದೇ ಸೌಟು, ಅದು ರೂಲು. ಮಕ್ಕಳು ಮತ್ತೆ ತಟ್ಟೆ ಚಾಚಿದಾಗಲೆಲ್ಲ "ಇಲ್ಲ ಕಂದ" ಅನ್ನಬೇಕು. ದಿನಕ್ಕೆ ಹತ್ತು ಸಲವಾದರೂ ಅನ್ನುತ್ತೇನೆ, ಹತ್ತೂ ಸಲ ನಿನ್ನ ಕೈ ಕಣ್ಣಿಗೆ ಕಟ್ಟುತ್ತದೆ.