ನಾನು ಎತ್ತಿಟ್ಟ ತಂಬಿಗೆ

ಹಾಲಮ್ಮಜ್ಜೀ,

ನೀನು ಕಚ್ಚಿದ ಗುರುತು ನನ್ನ ಮಣಿಕಟ್ಟಿನ ಮೇಲೆ ಇನ್ನೂ ಇದೆ. ಎದುರಿಗಿದ್ದಾಗ ಬಾಯಿ ಬಿಡಲಾರದವಳು, ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರ ನಂಬಿಕೊಂಡು ಈಗ ಬರೆಯುತ್ತಿದ್ದೇನೆ. ನಿನಗೆ ಗೊತ್ತಿಲ್ಲದ ಒಂದು ಮಾತು ಉಳಿದಿದೆ.

ಜಗಳೂರಿನಿಂದ ನಿನ್ನನ್ನು ಚನ್ನಗಿರಿಯ ನಮ್ಮ ವೃದ್ಧಾಶ್ರಮಕ್ಕೆ ತಂದು ಬಿಟ್ಟ ದಿನ, "ಏನವ್ವಾ, ಮೂಗಿಯೇನು ನೀನು?" ಎಂದು ನನ್ನ ಕೆನ್ನೆ ಹಿಂಡಿದ್ದೆ. ಆಯಾ ಕೆಲಸಕ್ಕೆ ಮಾತು ಎಲ್ಲಿ ಬೇಕಿತ್ತು? ಬೆಳಿಗ್ಗೆ ಬೆಡ್‌ಪ್ಯಾನ್ ತೆಗೆಯುವಾಗ ಮೂಸಿ ನೋಡಬೇಕು, ಕೆಟ್ಟ ವಾಸನೆ ಬಂದರೆ ಕಾಂಪೌಂಡರ್ ರುದ್ರಪ್ಪನಿಗೆ ಹೇಳಬೇಕು, ಅಷ್ಟೇ. ಮೂತ್ರದಲ್ಲಿ ಕ್ರಿಮಿಯಿದೆ ಎಂದು ಅವನು ಸೀಮೆಎಣ್ಣೆ ಸ್ಟೌವ್ ಹಚ್ಚಿ ಗಾಜಿನ ಸಿರಿಂಜ್ ಕುದಿಸುತ್ತಿದ್ದ. ಜ್ವರವಿದೆಯೇ, ಉರಿಯಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಸೋಮವಾರ ನೆನಪಿದೆಯೇ? "ನಂಗೇನೂ ಆಗಿಲ್ಲ ಕಣ್ರೋ, ಬಿಡ್ರೋ!" ಎಂದು ಅರಚುತ್ತಿದ್ದೆ. ರುದ್ರಪ್ಪ ನಿನ್ನ ತೊಡೆಯ ಮೇಲೆ ಮೊಣಕಾಲು ಊರಿದ. "ಸರ್ಯಾಗಿ ಹಿಡ್ಕಳೇ, ಮುದುಕಿಗೆ ಎಮ್ಮೆ ಶಕ್ತಿ ಐತೆ!" ನಾನು ನಿನ್ನ ಎರಡೂ ಕೈಗಳನ್ನು ಮಂಚದ ಸರಳಿಗೆ ಒತ್ತಿದೆ. ನೀನು ಕಚ್ಚಿದೆ. ಅವನು ನಿನ್ನ ಬಾಯಿಗೆ ಹೊಡೆದ. ಇದ್ದ ಮೂರು ಹಲ್ಲಿನಲ್ಲಿ ಒಂದು ದಿಂಬಿನ ಮೇಲೆ ಬಿತ್ತು. ಸೂಜಿ ಸೊಟ್ಟಗಾಯಿತು, ಬೇರೆ ಸೂಜಿ ಹಾಕಿ ಮತ್ತೆ ಚುಚ್ಚಿದ. ರಕ್ತದ ಬಾಯಲ್ಲಿ ನೀನು ನನ್ನನ್ನೇ ನೋಡಿ ಕೇಳಿದೆ: "ನೀನೂನೇನೇ?"

ನಿನ್ನ ತಂಬಿಗೆ ಮಧ್ಯಾಹ್ನದ ಊಟವಾದ ಮೇಲೆ ಎಲ್ಲಿ ಹೋಗುತ್ತಿತ್ತು ಅಂದುಕೊಂಡಿದ್ದೆ? ನಾನೇ ಎತ್ತಿಡುತ್ತಿದ್ದೆ ಅಜ್ಜೀ. ನೀರು ಕುಡಿದರೆ ಹಾಸಿಗೆ ಒದ್ದೆ, ಒಗೆಯುವವಳು ನಾನು. ಎಲ್ಲ ಆಯಾಗಳೂ ಹಾಗೇ ಮಾಡುತ್ತಿದ್ದೆವು. ನೀರಿಲ್ಲದೆ ಮೂತ್ರ ಗಟ್ಟಿಯಾಗಿ ನಾರುತ್ತಿತ್ತು. ಅದನ್ನೇ ಮೂಸಿ ನಾನೇ ರುದ್ರಪ್ಪನನ್ನು ಕರೆಯುತ್ತಿದ್ದೆ. ಅಷ್ಟೂ ಸೂಜಿಗಳನ್ನು ನಾನೇ...

ಕೊನೆಗೆ ನಿಜವಾದ ಜ್ವರವೇ ಬಂತು. ಮಂಚ ಅಲುಗುವಂತೆ ನೀನು ನಡುಗಿದೆ. ಅದೇ ಔಷಧಿ ಚುಚ್ಚಿದರು, ಜ್ವರ ಇಳಿಯಲಿಲ್ಲ. ಐದನೇ ದಿನ ನಿನ್ನ ಕೈಗಳನ್ನು ಒತ್ತಿ ಹಿಡಿಯುವ ಅಗತ್ಯವೇ ಬೀಳಲಿಲ್ಲ.

ನೀನು ಹೋದ ಮೇಲೆ ಹೊಸ ಡಾಕ್ಟರಮ್ಮ ಬಂದರು. ನಿನ್ನ ಔಷಧಿ ಚೀಟಿ ಓದಿ ರೇಗಿದರು. "ವಾಸನೆಗೆಲ್ಲ ಸೂಜಿ ಚುಚ್ಚಾಕೆ ಹೇಳಿದ್ದು ಯಾರ್ರೀ? ವಯಸ್ಸಾದೋರ ಮೂತ್ರದಾಗೆ ಕ್ರಿಮಿ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ಸುಮ್ಸುಮ್ನೆ ಔಷಧಿ ಕೊಟ್ಟು ಕ್ರಿಮಿಗೇ ರೂಢಿ ಮಾಡ್ಸಿದೀರಿ, ಅದ್ಕೇ ನಿಜವಾದ ಜ್ವರಕ್ಕೆ ಔಷಧಿ ಹಿಡೀಲಿಲ್ಲ. ಮೊದ್ಲು ನೀರು ಕೊಡ್ರಿ. ಜ್ವರ, ಉರಿ ಇದ್ರೆ ನನ್ನ ಕರೀರಿ." ಆಗಲೂ ನಾನು ತಂಬಿಗೆಯ ಮಾತು ಎತ್ತಲಿಲ್ಲ. ರುದ್ರಪ್ಪ ತಲೆಯಾಡಿಸಿದ. ಡಾಕ್ಟರಮ್ಮ ಹೊನ್ನಾಳಿಗೆ ಹೋದ ದಿನ ಮತ್ತೆ ಸ್ಟೌವ್ ಹಚ್ಚಿದ.

ಮೊನ್ನೆ ಗೋವಿನಕೋವಿಯ ಗೌರಜ್ಜಿಯ ಸರದಿ. ನಿನ್ನದೇ ಮಂಚ. "ಹಿಡ್ಕಳೇ!" ಎಂದ. ನಾನು ಅವನ ಕೈಯನ್ನು ಹಿಡಿದೆ. ಗೋಡೆಗೆ ನೂಕಿದ, ನನ್ನ ಹುಬ್ಬು ಒಡೆಯಿತು. ಬಿಡದೆ ಮತ್ತೆ ಎಳೆದೆ. ಸಿರಿಂಜ್ ನೆಲಕ್ಕೆ ಬಿದ್ದು ಚೂರಾಯಿತು. "ಅಜ್ಜಿಗೆ ಜ್ವರ ಇಲ್ಲ, ಉರಿ ಇಲ್ಲ! ನೀರು ಕೊಟ್ಟಿಲ್ಲ ನಾವು! ತಂಬಿಗೆ ಎತ್ತಿಟ್ಟೋಳು ನಾನೇ!" ಆ ಕೂಗು ನನ್ನದೇ ಎಂದು ನನಗೇ ತಡವಾಗಿ ತಿಳಿಯಿತು.

"ಮೂಗಿಗೂ ಬಾಯಿ ಬಂತಲ್ಲಪ್ಪಾ," ಎಂದು ಹಲ್ಲು ಕಡಿಯುತ್ತಾ ಅವನು ಹೊರಗೆ ಹೋದ.

ಗೌರಜ್ಜಿ ಎರಡು ತಂಬಿಗೆ ನೀರು ಕುಡಿದಳು. ಹಾಸಿಗೆ ಮೂರು ಸಲ ಒದ್ದೆಯಾಯಿತು. ಮೂರು ಸಲವೂ ಒಗೆದೆ. ನಿನ್ನ ತಂಬಿಗೆ ಈಗ ಅವಳ ತಲೆದೆಸೆಯಲ್ಲಿದೆ, ಅಜ್ಜೀ. ನಾನಿರುವವರೆಗೆ ಅದನ್ನು ಯಾರೂ ಎತ್ತುವುದಿಲ್ಲ.