ಹನ್ನೊಂದು ಗಂಟೆ ಹಿಡಿದ ಲೆಕ್ಕ

ಕೋಥರೂಡ, ಪುಣೆ
೧೨ ಸೆಪ್ಟೆಂಬರ್ ೨೦೦೪, ಭಾನುವಾರ

ಪ್ರೀತಿಯ ಲೀಲಾಕ್ಷಿಗೆ,

ತ್ರಿವೇಣಿಯ ನೆನಪುಗಳು. ನಿನ್ನ ಮೂರು ಪತ್ರಗಳಿಗೂ ಉತ್ತರ ಕೊಡದೆ ಕೂತವಳನ್ನು ಬೈಯುವುದಿದ್ದರೆ ಬೈ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಮಂಗಳೂರಿನ ಕಾಲೇಜು ಒಗ್ಗಿತೇ? ಅಮ್ಮನ ಮೊಣಕಾಲು ನೋವು ಹೇಗಿದೆ? ಇಲ್ಲಿರುವ ನಿನ್ನ ಅಣ್ಣನ ಹೋಟೆಲಿನ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಹೋಗಿ ಕೂರೋಣ ಅನಿಸುತ್ತದೆ. ಹೋಗುವುದಿಲ್ಲ.

ಇಲ್ಲಿಯ ಸುದ್ದಿ ಒಳ್ಳೆಯದಲ್ಲ. ಕಳೆದ ತಿಂಗಳು ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ನಮ್ಮ ಲ್ಯಾಬಿಗೆ ಅಣೆಕಟ್ಟಿನಿಂದ ಫೋನು ಬಂತು: ಗೇಟು ತೆಗೆಯುತ್ತೇವೆ, ಕೆಳಗೆ ಎಲ್ಲೆಲ್ಲಿ ಎಷ್ಟು ನೀರು ಏರುತ್ತದೆ ಹೇಳಿ ಎಂದು. ಹದಿನಾರು ಕಂಪ್ಯೂಟರುಗಳ ಮೇಲೆ ನದಿಯ ಲೆಕ್ಕ ಹಚ್ಚಿ ಕಾಯುತ್ತ ಕೂತೆವು. ಅದು ಮುಗಿದಾಗ ಸಂಜೆ ಆರು. ನದಿದಂಡೆಯ ಬಡವರ ವಸ್ತಿಗೆ ನೀರು ನುಗ್ಗಿದ್ದು ಮಧ್ಯಾಹ್ನ ಮೂರಕ್ಕೆ.

ಹೋದ ವರ್ಷದ ಜೂನ್ ನಿನಗೂ ನೆನಪಿದ್ದೀತು. ಯಾವ ಪ್ರೊಸೆಸರ್ ಕೊಳ್ಳುವುದೆಂದು ಲ್ಯಾಬಿನಲ್ಲಿ ಜಗಳ. ಒಂದಕ್ಕೆ ಮೂರು ಗಿಗಾಹರ್ಟ್ಸ್ ವೇಗ, ಇನ್ನೊಂದಕ್ಕೆ ಎರಡು ಕೂಡ ತುಂಬಿರಲಿಲ್ಲ. ಎಲ್ಲರೂ ಮೂರರ ಹಿಂದೆ ಬಿದ್ದಾಗ ನೀನು ನನಗೆ ಹೇಳಿದ್ದೆ: “ಅದು ಬರೀ ನಂಬ್ರ ಮಾರಾಯ್ತಿ. ಅಡಿಗೆ ಭಟ್ರ ಕೈ ಎಷ್ಟು ಚುರುಕಾದ್ರೂ ತರಕಾರಿ ಹೆಚ್ಚಿ ಕೊಡುವವ ನಿಧಾನ ಆದ್ರೆ ಒಲೆ ಎದುರು ಸುಮ್ಮನೆ ನಿಲ್ಲುದೇ ಅಲ್ವಾ?” ನಮ್ಮ ಲೆಕ್ಕಕ್ಕೆ ಬೇಕಾದ್ದು ಮೆಮೊರಿಯಿಂದ ಅಂಕಿಗಳನ್ನು ಬೇಗ ತಂದುಕೊಳ್ಳುವ ಪ್ರೊಸೆಸರ್ ಎಂದು ನೀನು ಹಟ ಹಿಡಿದೆ. ಮಾರುವವರ ಕಾಗದ ನಂಬದೆ ಎರಡನ್ನೂ ಎರವಲು ತರಿಸಿ, ನಮ್ಮದೇ ನದಿಯ ಲೆಕ್ಕವನ್ನು ಮೂರು ವಾರ ಇಬ್ಬರೂ ಕೂಡಿ ಓಡಿಸಿದೆವು. ಮೂರರದ್ದು ಹನ್ನೊಂದು ಗಂಟೆ ತೆಗೆದುಕೊಂಡಿತು. ಇನ್ನೊಂದು ಆರೂವರೆ ಗಂಟೆಯಲ್ಲಿ ಮುಗಿಸಿತು.

ಸಿದ್ರಾಮಪ್ಪ ಸರ್ ಮುಖ್ಯಸ್ಥರ ಕುರ್ಚಿಯಲ್ಲಿ ಕೂತು, “ಮ್ಯಾಲಿನವರಿಗೆ ಮೂರು ಅಂತ ಹೇಳಿಬಿಟ್ಟೀನಿ. ಈಗ ಎರಡಕ್ಕೂ ಕೆಳಗ ಇಳೀತೀವಿ ಅಂದ್ರ ನಗತಾರ್ರಿ” ಎಂದದ್ದು ನಿನ್ನ ಎದುರಿಗೇ. ಆಮೇಲೆ ಮೂರರದ್ದೇ ಬಂತು. ಪರೀಕ್ಷೆಯನ್ನೇ ತಪ್ಪು ಮಾಡಿದ ಹುಡುಗಿ ಎಂಬ ಹೆಸರು ಹೊತ್ತು ನೀನು ರಾಜೀನಾಮೆ ಕೊಟ್ಟೆ.

ಏಳಕ್ಕೆ ಆರೂವರೆ ಕೂಡಿಸು ಲೀಲಾಕ್ಷಿ. ಮಧ್ಯಾಹ್ನ ಒಂದೂವರೆ ಆಗುತ್ತದೆ. ನೀರು ಬರುವ ಮೊದಲು ವಸ್ತಿಯ ಜನಕ್ಕೆ ಒಂದೂವರೆ ಗಂಟೆ ಸಿಗುತ್ತಿತ್ತು.

ನಾಲ್ಕು ದಿನ ಬಿಟ್ಟು ಅವರನ್ನಿಟ್ಟಿದ್ದ ಶಾಲೆಗೆ ಹೋದೆ. ನಾಗವ್ವ ಎಂಬಾಕೆ ನನ್ನ ಕನ್ನಡ ಕೇಳಿ ಹತ್ತಿರ ಬಂದಳು. ಗಂಡ ಶಿವಪ್ಪ ಮಾರ್ಕೆಟ್ ಯಾರ್ಡಿನ ಹಮಾಲ. ಹಾಸಿಗೆ ಹಿಡಿದ ತಾಯಿಯನ್ನು ಹೊತ್ತು ತರುವಾಗ ಗೋಡೆ ಕುಸಿದು ಅವನ ಸೊಂಟ ಮುರಿದಿದೆ. ತಾಯಿ ಉಳಿಯಲಿಲ್ಲ. “ಇಷ್ಟ ದೊಡ್ಡ ಊರಾಗ ನೀರು ಬರೂದು ಯಾರಿಗೂ ತಿಳೀಲಿಲ್ಲೇನ್ರಿ ಅಕ್ಕಾರ?” ಎಂದಳು. ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ. ಆಕೆ ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು.

ಮರುದಿನ ಕಪಾಟಿನಿಂದ, ಆ ಪರೀಕ್ಷೆಯ ಲೆಕ್ಕ ಬರೆದಿಟ್ಟ ನಿನ್ನ ಹಾಳೆಗಳನ್ನು ತೆಗೆದೆ. ಪರಿಚಯದವರಲ್ಲಿ ಆ ಇನ್ನೊಂದು ಪ್ರೊಸೆಸರಿನ ಯಂತ್ರಗಳಿದ್ದವು. ಬೇಡಿಕೊಂಡು ಅದೇ ಲೆಕ್ಕ ಓಡಿಸಿದೆ. ಆರು ಗಂಟೆ ಮೂವತ್ತೈದು ನಿಮಿಷ. ನಿನ್ನದು ಸರಿಯಿತ್ತೆಂದು ವರದಿ ಬರೆದು ಮೇಲಿನವರಿಗೆ ಕೊಟ್ಟೆ. ವಿಚಾರಣೆ ನಡೆದು ಸಿದ್ರಾಮಪ್ಪ ಸರ್ ಅವರನ್ನು ಮುಖ್ಯಸ್ಥರ ಜಾಗದಿಂದ ಇಳಿಸಿದ್ದಾರೆ. ಹೊಸ ಯಂತ್ರಗಳನ್ನು ಆರಿಸಲು ನಿನ್ನನ್ನೇ ಕರೆಯುತ್ತಾರಂತೆ, ಲ್ಯಾಬಿನ ಕಾಗದ ಈ ವಾರ ಬರಬಹುದು. ಅದಕ್ಕೆ ಉತ್ತರಿಸುವ ಮೊದಲು ನನ್ನದು ಕೈಸೇರಲೆಂದು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ಅಮ್ಮನ ಕಾಲಿಗೆ ನನ್ನ ನಮಸ್ಕಾರ. ನೀನು ಎಲ್ಲಿದ್ದರೂ ತಣ್ಣಗಿರು, ಹಿಡಿದ ಕೆಲಸ ಕೈಗೂಡಲಿ.

ನಿನ್ನ,
ತ್ರಿವೇಣಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಏಳಲಿಲ್ಲ. ಖರೀದಿಯ ಹಿಂದಿನ ದಿನ ಸರ್ ನನ್ನೊಬ್ಬಳನ್ನೇ ಕರೆಸಿದ್ದರು. ನಿನ್ನ ಹಾಳೆಗಳು ಅವರ ಮೇಜಿನ ಮೇಲಿದ್ದವು. “ನೀವೂ ಕೂಡೇ ಮಾಡೀರಿ, ಖರೇ ಹೇಳ್ರಿ. ಇದು ಸರಿ ಅದ ಅಂದ್ರ ನಗಲಿ ಬಿಡ್ರಿ, ನಾನ ಮ್ಯಾಲ ಹೋಗಿ ಮಾತಾಡ್ತೀನಿ” ಎಂದರು. ನನ್ನ ನೌಕರಿ ಕಾಯಂ ಮಾಡುವ ಫೈಲು ಆ ಮೇಲಿನವರ ಹತ್ತಿರವೇ ಇತ್ತು. ನಾನು, “ಲೀಲಾಕ್ಷಿದು ಎಲ್ಲೋ ತಪ್ಪಿರಬೇಕ್ರಿ ಸರ್” ಎಂದೆ. ಊರಿಗೆ ಹೊರಟ ದಿನ ಸ್ವಾರಗೇಟಿನಲ್ಲಿ ಬಸ್ಸು ಹತ್ತುವಾಗ ನೀನು ನನ್ನ ಕೈ ಹಿಡಿದು, “ನೀನೊಬ್ಬಳಾದ್ರೂ ನಂಬಿದೆಯಲ್ಲ, ಸಾಕು ನಂಗೆ” ಅಂದೆ. ವಿಚಾರಣೆಯಲ್ಲಿ ಸರ್ ನನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಳೆ ಹೋಗಿ ಮೇಲಿನವರಿಗೆ ಇದನ್ನೆಲ್ಲ ಬರೆದುಕೊಡುತ್ತೇನೆ. ಬೇರೆಯವರಿಂದ ನಿನಗೆ ತಿಳಿಯುವುದು ಬೇಡ ಅನಿಸಿತು.